ಧನ್ಯಾಳ ತಲೆಯ ಮೇಲಿನ ಆಣೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಟಿಶ್ಯೂ ಹುಡುಕುತ್ತಿದ್ದ ಧನ್ಯಾಳ ಕೈಗೆ ಸಿಗರೇಟಿನ ಪ್ಯಾಕ್ ಸಿಕ್ಕಿತು. ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಫರೀದಾಬಾದಿನ ನಮ್ಮ ಸೆಕ್ಟರಿನ ಮಾರ್ಕೆಟ್ ಎದುರು ಕಾರು ನಿಲ್ಲಿಸಿಕೊಂಡು ನಾವಿಬ್ಬರೇ ಕೂತಿದ್ದೆವು. ಅವಳು ಪ್ಯಾಕನ್ನು ತೆರೆಯಲಿಲ್ಲ. ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಮಮ್ಮಾ, ಯೇ ಪಪ್ಪಾ ಕಾ ಹೈ?"

ಹೌದು ಎಂದುಬಿಡಬಹುದಿತ್ತು. ನನ್ನ ಗಂಡ ಸುಕೇಶ್ ತಮ್ಮ ಹೋಟೆಲಿನಲ್ಲಿದ್ದರು. ಇವಳು ಅವರನ್ನು ಕೇಳುವಷ್ಟರಲ್ಲಿ ಇನ್ನೊಂದು ಸುಳ್ಳನ್ನು ಹೊಂದಿಸಿಕೊಳ್ಳುವಷ್ಟು ಸಮಯ ನನಗಿತ್ತು. ಆದರೆ ಹತ್ತು ವರ್ಷದ ಆ ಹುಡುಗಿ ನನ್ನ ಮುಖವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ನನ್ನದು," ಎಂದೆ.

"ನಂಗೊತ್ತಿತ್ತು. ನಿಮ್ಮ ದುಪಟ್ಟಾದಲ್ಲಿ ಸ್ಮೆಲ್ ಬರತ್ತೆ. ಇಲಾಯ್ಚಿ ತಿಂದ್ರೂ ಬರತ್ತೆ." ಆಮೇಲೆ ಸ್ಟೀರಿಂಗಿನ ಮೇಲಿದ್ದ ನನ್ನ ಕೈಯನ್ನು ಎಳೆದು ತನ್ನ ಬೈತಲೆಯ ಮೇಲೆ ಇಟ್ಟುಕೊಂಡಳು. "ಮೇರೀ ಕಸಮ್ ಖಾವೋ. ಇನ್ನು ಯಾವತ್ತೂ ಇಲ್ಲ ಅಂತ."

ಇಲ್ಲಿಯ ಮಕ್ಕಳು ದಿನಕ್ಕೆ ಹತ್ತು ಸಲ ಕಸಮ್ ಎಂದು ಆಣೆ ಹಾಕುತ್ತಾರೆ. ಪೆನ್ಸಿಲ್ ಕದ್ದಿಲ್ಲ ಎನ್ನುವುದಕ್ಕೂ ಕಸಮ್, ಸಮೋಸಾ ಚೆನ್ನಾಗಿತ್ತು ಎನ್ನುವುದಕ್ಕೂ ಕಸಮ್. ನಾನು ಬೆಳೆದ ಕರಾವಳಿಯ ಮನೆಯಲ್ಲಿ ಆಣೆ ಎಂಬ ಶಬ್ದವನ್ನೇ ಯಾರೂ ಸುಮ್ಮನೆ ಎತ್ತುತ್ತಿರಲಿಲ್ಲ. ನನ್ನ ದೊಡ್ಡಪ್ಪ ಒಮ್ಮೆ ಸಿಟ್ಟಿನಲ್ಲಿ, ತಮ್ಮನ ಮನೆಯ ಒಂದು ಲೋಟ ನೀರು ಕುಡಿದರೆ ತನ್ನ ಮಕ್ಕಳ ಮೇಲಾಣೆ ಎಂದಿದ್ದರು. ಆ ತಮ್ಮ ತೀರಿಕೊಂಡ ದಿನವೂ ದೊಡ್ಡಪ್ಪ ಅಂಗಳದ ಆಚೆಯೇ ನಿಂತಿದ್ದರು. ಮರುವಾರ ದೈವಸ್ಥಾನಕ್ಕೆ ಹೋಗಿ, ಆಣೆ ಬಿಡಿಸಿಕೊಂಡ ಮೇಲೆಯೇ ಅವರು ಆ ಹೊಸಿಲು ದಾಟಿದ್ದು. ನಾನು ಕೆಮಿಸ್ಟ್ರಿ ಓದಿದವಳು. ಆಣೆಯಿಂದ ಯಾರಿಗೂ ಏನೂ ಆಗುವುದಿಲ್ಲವೆಂದು ನನಗೆ ಗೊತ್ತು. ಆದರೂ ಮಗಳ ತಲೆಯ ಬಿಸಿ ಅಂಗೈಗೆ ತಾಗಿದಾಗ ನನ್ನ ಬೆನ್ನು ತಣ್ಣಗಾಯಿತು.

ಕೈ ಹಿಂದೆಗೆಯಬೇಕಿತ್ತು. ತೆಗೆಯಲಿಲ್ಲ. "ಆಯ್ತು. ನಿನ್ನಾಣೆ," ಎಂದೆ.

ಅವಳು ಸಮಾಧಾನದಿಂದ ಮೂಗು ಒರೆಸಿಕೊಂಡು ಪ್ಯಾಕನ್ನು ಪಕ್ಕದ ಕಸದ ಡಬ್ಬಿಗೆ ಹಾಕಿ ಬಂದಳು.

ನಾನು ಹನ್ನೆರಡು ವರ್ಷದಿಂದ ಸೇದುತ್ತಿದ್ದೆ. ಮೊದಲ ಕೆಲಸಕ್ಕೆಂದು ದೆಹಲಿಗೆ ಬಂದು ಪಿಜಿಯಲ್ಲಿದ್ದಾಗ ಹತ್ತಿದ್ದು. ಮದುವೆಯಾದ ಮೇಲೆ, ಬಸುರಿಯಾದಾಗ ಬಿಟ್ಟೆ. ಬಾಣಂತನ ಮುಗಿದ ಮೇಲೆ ಮತ್ತೆ ಹಿಡಿದೆ. ಸುಕೇಶ್‌ಗೆ ಗೊತ್ತಿರಲಿಲ್ಲ. ಗಂಡನಿಗೆ ಇಷ್ಟು ವರ್ಷ ಹೇಗೆ ತಿಳಿಯದೆ ಹೋಯಿತು ಎಂದು ಕೇಳಬಹುದು. ದಿನವಿಡೀ ಒಗ್ಗರಣೆಯ ಹೊಗೆಯಲ್ಲಿ ನಿಲ್ಲುವವರಿಗೆ ಬೇರೆ ವಾಸನೆ ತಾಗುವುದಿಲ್ಲ. ನಾನಾದರೂ ಮನೆಯಲ್ಲಿ ಎಂದೂ ಸೇದಿದವಳಲ್ಲ. ಫ್ಯಾಕ್ಟರಿಯಿಂದ ಬರುವಾಗ ಕಾಲುವೆಯ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿ ಎರಡು, ಬೆಳಿಗ್ಗೆ ಹೋಗುವಾಗ ಒಂದು, ಆಮೇಲೆ ಬಾಯಿಗೆ ಏಲಕ್ಕಿ. ಪ್ರತಿ ನವೆಂಬರಿನಲ್ಲಿ ಉಸಿರು ಕಟ್ಟುವ ಮಗಳಿರುವ ತಾಯಿ ಇದನ್ನು ಮಾಡುತ್ತಿದ್ದಳು ಎಂದು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಇಪ್ಪತ್ತೆರಡು ದಿನ ಮುಟ್ಟಲಿಲ್ಲ. ಕಾಲುವೆಯ ರಸ್ತೆ ಬಿಟ್ಟು ಹೈವೇ ಹಿಡಿದೆ. ದಿನಕ್ಕೆ ಅರ್ಧ ಗಂಟೆ ಹೆಚ್ಚು. ಬಾಯಲ್ಲಿ ಲವಂಗ ಇಟ್ಟುಕೊಂಡು ನಾಲಿಗೆ ಸುಟ್ಟುಕೊಂಡೆ. ಬಿಟ್ಟ ಮೇಲೆ ಕೆಮ್ಮು ಹೆಚ್ಚಾಯಿತು, ನಿದ್ದೆ ಕಡಿಮೆಯಾಯಿತು. ಎರಡನೆಯ ವಾರ ಮೂಗು ತೆರೆದುಕೊಂಡಿತು. ಲಿಫ್ಟಿನಲ್ಲಿ ಹತ್ತಿದವರಲ್ಲಿ ಯಾರು ಸೇದಿ ಬಂದಿದ್ದಾರೆಂದು ತಿಳಿಯುತ್ತಿತ್ತು. ಅಸಹ್ಯವಾಗುವ ಬದಲು ನಾನು ಅವರ ಹತ್ತಿರ ಸರಿದು ನಿಲ್ಲುತ್ತಿದ್ದೆ. ಆಸೆ ಬಂದಾಗಲೆಲ್ಲ ಎಣ್ಣೆ ಹಾಕಿ ಬಾಚಿದ ಧನ್ಯಾಳ ಬೈತಲೆ ಕಣ್ಣೆದುರು ಬರುತ್ತಿತ್ತು. ಅದರಿಂದಲೇ ತಡೆದುಕೊಂಡೆ ಎಂಬುದು ನಿಜ. ಜೊತೆಗೆ, ಶಾಲೆಯಿಂದ ಫೋನು ಬಂದರೆ, ಅವಳು ಎರಡು ಸಲ ಸೀನಿದರೆ, ರಸ್ತೆ ದಾಟುವಾಗ ಒಂದು ಹೆಜ್ಜೆ ಮುಂದೆ ಹೋದರೆ, ನಾನು ಹಿಂದಿನ ದಿನವನ್ನು ನೆನಪಿಸಿಕೊಂಡು ಸೇದಿಲ್ಲ ತಾನೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದೆ.

ಇಪ್ಪತ್ತಮೂರನೆಯ ದಿನ ಫ್ಯಾಕ್ಟರಿಯಲ್ಲಿ ಒಂದು ಅಪಘಾತ ಸ್ವಲ್ಪದರಲ್ಲಿ ತಪ್ಪಿತು. ನಾನು ಅಲ್ಲಿ ಸೇಫ್ಟಿ ಆಫೀಸರ್. ಪ್ರೆಸ್ ಮಷಿನಿನಲ್ಲಿ ಒಬ್ಬ ಆಪರೇಟರನ ಕೈಗವಸು ಸಿಕ್ಕಿಕೊಂಡು ಹರಿದಿತ್ತು, ಬೆರಳು ಉಳಿದಿತ್ತು. ಇಂಥದ್ದು ನಡೆದಾಗ ಯಾಕೆ ಎಂದು ಕೇಳುತ್ತಾ, ಬಂದ ಉತ್ತರಕ್ಕೆ ಮತ್ತೆ ಯಾಕೆ ಎನ್ನುತ್ತಾ, ಐದು ಸಲ ಕೇಳಿ ಮೂಲ ಕಾರಣ ಹುಡುಕುವುದು ನಮ್ಮ ಪದ್ಧತಿ. ಫ್ಯಾಕ್ಟರಿಯಲ್ಲಿ ಅದಕ್ಕೆ ವೈ-ವೈ ಎನ್ನುತ್ತಾರೆ. ಕೈ ಯಾಕೆ ಒಳಗೆ ಹೋಯಿತು? ಸೆನ್ಸರ್ ನಿಲ್ಲಿಸಲಿಲ್ಲ. ಯಾಕೆ? ಅದಕ್ಕೆ ಟೇಪ್ ಹಚ್ಚಿದ್ದರು. ಮೂರನೆಯ ಯಾಕೆಗೆ ಆತ ನಕ್ಕು ಎರಡೂ ಕೈ ಎತ್ತಿ ತೋರಿಸಿದ. "ಮೇಡಮ್‌ಜೀ, ಗಿನ್ ಲೀಜಿಯೇ. ಪೂರೀ ದಸ್ ಹೈಂ."

ಆ ಹತ್ತು ಬೆರಳುಗಳನ್ನು ನಾನು ನಿಜಕ್ಕೂ ಎರಡೆರಡು ಸಲ ಎಣಿಸಿದೆ. ವರದಿ ಬರೆದು ಬೇಗ ಹೊರಟೆ. ಕಾಲುವೆಯ ರಸ್ತೆಗೆ ತಿರುಗುವಾಗ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವುದಿಲ್ಲ. ಪಾನ್ ಅಂಗಡಿಯವನಿಗೆ ಕಿಟಕಿಯಿಂದಲೇ "ಭಯ್ಯಾ, ಏಕ್ ದೇನಾ" ಎಂದೆ. ಹಳೆಯ ಗಿರಾಕಿಯನ್ನು ನೋಡಿ ಅವನು ಯಾವುದು ಎಂದು ಕೇಳಲೂ ಇಲ್ಲ. ಹೊರಗೆ ಗಾಳಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕಾಲುವೆಯ ಆಚೆ ದಡ ಕಾಣುತ್ತಿರಲಿಲ್ಲ. ಅರ್ಧ ಸೇದಿ ಎಸೆದೆ. ಗಡಿಯಾರ ನೋಡಿದೆ: ಮೂರು ಐವತ್ತು.

ನಾಲ್ಕು ಗಂಟೆ ನಾಲ್ಕು ನಿಮಿಷಕ್ಕೆ ಮನೆಯಿಂದ ಅತ್ತೆಯ ಫೋನು. "ರಶ್ಮಿತಾ, ಮಗುವಿಗೆ ಉಸಿರು ಸಿಗ್ತಾ ಇಲ್ಲ. ಉಸಿರಿನ ಪಂಪು ಎರಡು ಸಲ ಕೊಟ್ಟೆ, ಆಗ್ತಾ ಇಲ್ಲ. ತುಟಿ ಕಪ್ಪಾಗ್ತಾ ಉಂಟು."

ನರ್ಸಿಂಗ್ ಹೋಮಿನಲ್ಲಿ ಮಾಸ್ಕ್ ಹಾಕಿಸಿಕೊಂಡು ಕೂತಿದ್ದ ಧನ್ಯಾಳ ಕುತ್ತಿಗೆಯ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಎರಡನೆಯ ಡೋಸ್ ಆದ ಮೇಲೆ ಅದು ನಿಧಾನವಾಯಿತು. ನಾನು ಡಾಕ್ಟರನ್ನು ಕೇಳಿದೆ, ಇದು ಯಾಕಾಯಿತು. ಅವರು ಕಾರಿಡಾರಿನ ಕಡೆ ಕೈ ತೋರಿಸಿದರು. ಬೆಂಚಿನ ಮೇಲೆ ಮಾಸ್ಕ್ ಹಾಕಿಕೊಂಡ ಇನ್ನೂ ಆರೇಳು ಮಕ್ಕಳಿದ್ದರು. "ಹೊರಗಿನ ಹವಾ ನೋಡಿದ್ದೀರಲ್ಲ. ಎಲ್ಲರ ತಾಯಂದಿರೂ ಇದನ್ನೇ ಕೇಳ್ತಿದ್ದಾರೆ. ಮನೆಯಲ್ಲಿ ಯಾರೂ ಸ್ಮೋಕ್ ಮಾಡಲ್ಲ ತಾನೆ?"

"ಮನೆಯಲ್ಲಿ ಯಾರೂ ಮಾಡಲ್ಲ," ಎಂದೆ. ಅದರಲ್ಲಿ ಸುಳ್ಳಿರಲಿಲ್ಲ.

ರಾತ್ರಿಯ ಊಟದ ಹೊತ್ತಿಗೆ ಮನೆಗೆ ಕಳಿಸಿದರು. ಧನ್ಯಾ ಮಲಗಿದ ಮೇಲೆ ನಾನು ಅತ್ತೆಯನ್ನು ಕೇಳಿದೆ, ಸರಿಯಾಗಿ ಎಷ್ಟು ಗಂಟೆಗೆ ಶುರುವಾಯಿತು.

"ಗಂಟೆ ನೋಡ್ಲಿಕ್ಕೆ ನನಗೆ ಪುರುಸೊತ್ತು ಇತ್ತಾ? ಚಹಾಕ್ಕೆ ನೀರು ಇಟ್ಟಿದ್ದೆ."

"ನೀರು ಇಡುವ ಮೊದಲು ಕೆಮ್ಮಿದ್ದಳಾ?"

"ನೀನೇನು ಪೊಲೀಸಾ ಮಾರಾಯ್ತಿ?"

ಅತ್ತೆ ಚಹಾಕ್ಕೆ ನೀರಿಡುವುದು ಮುಕ್ಕಾಲು ನಾಲ್ಕಕ್ಕೆ. ಹಾಗಾದರೆ ಕೆಮ್ಮು ನನ್ನ ಸಿಗರೇಟಿಗಿಂತ ಮೊದಲೇ ಶುರುವಾಗಿರಬಹುದು. ಅಥವಾ ನೀರು ಕುದಿಯುವಾಗ ಶುರುವಾಗಿರಬಹುದು. ನನ್ನ ವೈ-ವೈ ಎಲ್ಲಿಂದ ಹೊರಟರೂ ಮೂರನೆಯ ಪ್ರಶ್ನೆಗೆ ಕಾಲುವೆಯ ರಸ್ತೆಗೆ ಬಂದು ನಿಲ್ಲುತ್ತಿತ್ತು. ಸಿಗರೇಟಿಗೂ ಹತ್ತು ಕಿಲೋಮೀಟರ್ ಆಚೆಯ ಉಸಿರಿಗೂ ಸಂಬಂಧವಿಲ್ಲವೆಂದು ವರದಿ ಬರೆದು ಸಹಿ ಹಾಕಬಲ್ಲೆ. ಆದರೂ ಮಗುವಿನ ಎದೆ ಏರಿಳಿಯುವುದನ್ನು ಎಣಿಸುತ್ತಾ ಕೂತೆ.

ಮರುದಿನ ಮಧ್ಯಾಹ್ನ, ಹೋಟೆಲಿನಲ್ಲಿ ಊಟದ ಗಿರಾಕಿಗಳು ಮುಗಿದ ಮೇಲೆ, ಸುಕೇಶ್ ಮನೆಗೆ ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಅತ್ತೆ ಶುರು ಮಾಡಿದರು.

"ಊರಿನ ಜೋಯಿಸರಿಗೆ ಫೋನು ಮಾಡಿದ್ದೆ. ಕವಡೆ ಹಾಕಿ ನೋಡಿದರು. ಮನೆಯಲ್ಲಿ ಯಾರೋ ಕೊಟ್ಟ ಮಾತು ತಪ್ಪಿದ್ದಾರಂತೆ."

ಜೋಯಿಸರು ಎಲ್ಲರಿಗೂ ಹೇಳುವ ಮಾತು ಅದು. ಮಾತು ತಪ್ಪದವರು ಯಾವ ಮನೆಯಲ್ಲಿದ್ದಾರೆ?

"ಮಾತು ತಪ್ಪಿದ್ದು ತರಕಾರಿಯವನು ಅಮ್ಮ," ಎಂದರು ಸುಕೇಶ್. "ಏಳು ಗಂಟೆಗೆ ಬರ್ತೇನೆ ಅಂತ ಹನ್ನೊಂದಕ್ಕೆ ಬಂದ."

"ತಮಾಷೆ ಬೇಡ ಸುಕೇಶಾ. ಎರಡನೇ ಹೋಟೆಲು ಆದರೆ ದೈವಕ್ಕೆ ಹರಕೆಯ ಕೋಲ ಕೊಡ್ತೇನೆ ಅಂತ ಹೇಳಿದ್ದು ಯಾರು? ಹೋಟೆಲು ಆಗಿ ಎರಡು ವರ್ಷ ಆಯ್ತು. ಕೋಲ ಎಲ್ಲಿ?"

ಸುಕೇಶ್ ಮುಖದ ನಗು ಹೋಯಿತು. ಧನ್ಯಾಳ ಕೋಣೆಯ ಕಡೆ ನೋಡಿದರು. "ಈ ಸೀಸನ್ನಿನಲ್ಲಿ ಮಾಡಬೇಕು ಅಂತಲೇ ಇದ್ದೆ," ಎಂದರು. ಧ್ವನಿ ಸಣ್ಣದಾಗಿತ್ತು. "ನನ್ನಿಂದ ಆಯ್ತಾ ಇದು?"

"ಮತ್ತೆ ಯಾರಿಂದ? ನನ್ನಿಂದವಾ? ಅವಳಿಂದವಾ?"

ಅತ್ತೆ ಕೈ ಮಾಡಿ ನನ್ನನ್ನು ತೋರಿಸಿದರು. ಮಾತಿನ ಭರಕ್ಕೆ ತೋರಿಸಿದ್ದು, ಅಷ್ಟೇ. ಸುಕೇಶ್ ತಲೆ ತಗ್ಗಿಸಿ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದರು. ನಾನು ಎದ್ದು ಧನ್ಯಾಳ ಕೋಣೆಗೆ ಹೋದೆ.

ಅವಳು ದಿಂಬಿಗೆ ಒರಗಿ ನೆಬ್ಯುಲೈಜರಿನ ಮಾಸ್ಕ್ ಹಿಡಿದುಕೊಂಡು ಕಾರ್ಟೂನ್ ನೋಡುತ್ತಿದ್ದಳು. ನಾನು ಬಾಗಿಲು ಮುಚ್ಚಿದೆ.

"ಧನ್ಯಾ, ನಿನ್ನೆ ನಾನು ಸೇದಿದೆ."

ಮಾಸ್ಕಿನ ಒಳಗಿಂದ ಕೇಳಿದಳು. "ಕಿತ್ನೀ?"

"ಅರ್ಧ. ನಿನಗೆ ಉಸಿರು ಕಟ್ಟಿದ್ದೂ ಅದೇ ಹೊತ್ತಿಗೆ. ನಿನ್ನ ತಲೆ ಮುಟ್ಟಿ ಆಣೆ ಹಾಕಿದ್ದೆನಲ್ಲ."

ಅವಳು ಮಾಸ್ಕ್ ಕೆಳಗಿಳಿಸಿದಳು. ಅಳುತ್ತಾಳೆಂದುಕೊಂಡೆ. ಅವಳ ಮುಖದಲ್ಲಿದ್ದದ್ದು ಬೇಸರ. "ಮಮ್ಮಾ, ಕಸಮ್ ಸೇ ಕುಛ್ ನಹೀಂ ಹೋತಾ, ಏನೂ ಆಗಲ್ಲ. ನಾನು ಮ್ಯಾಮ್‌ಗೆ ರೋಜ್ ಹೇಳ್ತೀನಿ, ಮಮ್ಮಾ ಕೀ ಕಸಮ್, ಹೋಮ್‌ವರ್ಕ್ ಮಾಡಿದ್ದೆ, ನೋಟ್‌ಬುಕ್ ಮನೇಲಿ ಮರ್ತೆ ಅಂತ. ಝೂಠ್ ಹೇಳ್ತೀನಿ. ನಿಮ್ಗೆ ಏನಾಯ್ತು?"

ನನ್ನ ತಲೆಯ ಮೇಲೆ ದಿನವೂ ಸುಳ್ಳು ಆಣೆ. ಒಂದು ಕ್ಷಣ ನನ್ನ ಕೈ ತಾನಾಗಿ ತಲೆಗೆ ಹೋಯಿತು.

"ಹಾಗಾದರೆ ನನ್ನ ಹತ್ತಿರ ಯಾಕೆ ಹಾಕಿಸಿದೆ?"

"ನೀವು ಹೆದರ್ತೀರಲ್ಲ ಅದಕ್ಕೆ. ಅಜ್ಜಿ ಆಣೆ ಅಂದ್ರೆ ನೀವು ಚುಪ್ ಆಗ್ತೀರಿ. ನಾನು ನೋಡಿದ್ದೀನಿ." ಸ್ವಲ್ಪ ಉಸಿರೆಳೆದುಕೊಂಡಳು. "ಬೇರೆ ಏನು ಹೇಳಿದ್ರೆ ಬಿಡ್ತೀರಿ ಅಂತ ಗೊತ್ತಾಗ್ಲಿಲ್ಲ. ರಾತ್ರಿ ನೀವು ಕೆಮ್ಮುವಾಗ ನಂಗೆ ನೀಂದ್ ಬರಲ್ಲ."

ಮತ್ತೆ ಮಾಸ್ಕ್ ಏರಿಸಿ ಕಾರ್ಟೂನಿಗೆ ತಿರುಗಿದಳು.

ಹಗುರವಾಗಬೇಕಿತ್ತು. ಒಂದೆರಡು ನಿಮಿಷ ಆಯಿತು ಕೂಡ. ಆಮೇಲೆ ಮರುದಿನ ಸಂಜೆ ಫ್ಯಾಕ್ಟರಿಯಿಂದ ಮರಳುವ ದಾರಿ ನೆನಪಾಯಿತು. ಆಣೆಯೇ ಇಲ್ಲ ಎಂದ ಮೇಲೆ ನಾನು ಯಾವ ರಸ್ತೆ ಹಿಡಿದರೂ ಯಾರಿಗೂ ಏನೂ ಆಗುವುದಿಲ್ಲ. ಪಾನ್ ಅಂಗಡಿಯವನು ಏನೂ ಕೇಳದೆ ಕೈ ಚಾಚುತ್ತಾನೆ. ಗಂಡನ ಮೂಗಿಗೆ ವಾಸನೆ ತಾಗುವುದಿಲ್ಲ, ಅತ್ತೆಗೆ ಸಂಶಯವಿಲ್ಲ, ಮಗಳ ಕೈಯಲ್ಲಿದ್ದ ಒಂದೇ ಒಂದು ಉಪಾಯವೂ ಮುಗಿಯಿತು. ಇಪ್ಪತ್ತೆರಡು ದಿನ ನನ್ನನ್ನು ಹಿಡಿದಿಟ್ಟದ್ದು ಹೆದರಿಕೆ ಮಾತ್ರ, ಅದನ್ನೂ ಈಗ ಬಿಚ್ಚಿ ಬದಿಗಿಟ್ಟ ಹಾಗಾಗಿತ್ತು. ನಿನ್ನೆ ಉಳಿದ ಆ ಅರ್ಧ ಸಿಗರೇಟಿನ ರುಚಿ ಆಗಲೇ ಬಾಯಿಗೆ ಬರುತ್ತಿತ್ತು. ಮಗಳ ಹಾಸಿಗೆಯ ಅಂಚಿನಲ್ಲಿ ಕೂತ ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ.

ಹೊರಗೆ ಬಂದೆ. ಅತ್ತೆ ದೇವರ ಮುಂದೆ ಕೂತು ಅರಿಶಿನ ಹಚ್ಚಿದ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯ ಇಟ್ಟು ಗಂಟು ಹಾಕುತ್ತಿದ್ದರು. ಊರಿಗೆ ಹೋಗಿ ಒಪ್ಪಿಸುವ ತನಕ ಹೀಗೆ ತಪ್ಪುಕಾಣಿಕೆ ಕಟ್ಟಿಡುವುದು ನಮ್ಮಲ್ಲಿ ರೂಢಿ. ಸುಕೇಶ್ ಪಕ್ಕದಲ್ಲಿ ಒದ್ದೆ ಮುಖದಲ್ಲೇ ಕೈ ಮುಗಿದು ನಿಂತಿದ್ದರು.

"ಅತ್ತೆ, ಅದನ್ನು ಇವರ ಹೆಸರಿನಲ್ಲಿ ಕಟ್ಟಬೇಡಿ," ಎಂದೆ. "ನನ್ನ ಹೆಸರಿನಲ್ಲಿ ಕಟ್ಟಿ."

"ನೀನೇನು ಮಾಡಿದ್ದಿ?"

ಹೇಳಿದೆ. ಹನ್ನೆರಡು ವರ್ಷ, ಕಾರು, ಕಾಲುವೆ, ಆಣೆ, ನಿನ್ನೆಯ ಅರ್ಧ. ಯಾವುದನ್ನೂ ಮೃದು ಮಾಡಲಿಲ್ಲ. ಸುಕೇಶ್ ನನ್ನನ್ನೇ ನೋಡುತ್ತಿದ್ದರು. ಅವರು ಆ ಹನ್ನೆರಡು ವರ್ಷಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದಾರೆಂದು ತಿಳಿಯುತ್ತಿತ್ತು. ಕೊನೆಗೆ, "ಏಲಕ್ಕಿ ನಿನಗೆ ಅಷ್ಟು ಇಷ್ಟ ಅಂತ ನಾನು ಹೋಟೆಲಿಂದ ತಂದು ಕೊಡ್ತಿದ್ದೆ," ಎಂದರು. ಅಷ್ಟೇ ಹೇಳಿ ಕುರ್ಚಿಯ ಮೇಲೆ ಕೂತರು.

ಅತ್ತೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ನಾನು ಇಪ್ಪತ್ತು ವರ್ಷ ಬೀಡಿ ಕಟ್ಟಿದ್ದೇನೆ. ದಿನಕ್ಕೆ ಸಾವಿರ. ಇವನನ್ನು ಅದರಲ್ಲೇ ಓದಿಸಿದ್ದು. ಒಂದನ್ನೂ ಬಾಯಿಗೆ ಇಟ್ಟವಳಲ್ಲ."

"ಗೊತ್ತುಂಟು ಅತ್ತೆ."

"ಇನ್ನು ಸೇದುವುದಿಲ್ಲವಾ? ದೇವರ ಮುಂದೆ ಹೇಳು. ಆಣೆ ಹಾಕು."

ದೀಪ ಉರಿಯುತ್ತಿತ್ತು. ಹಾಕುತ್ತೇನೆ ಎಂದರೆ ಎಲ್ಲವೂ ಆಗಲೇ ಮುಗಿಯುತ್ತಿತ್ತು, ಅವರ ಸಿಟ್ಟೂ ಇಳಿಯುತ್ತಿತ್ತು.

"ಇಲ್ಲ ಅತ್ತೆ. ಆಣೆ ಬೇಡ. ಇವತ್ತು ಸೇದಿಲ್ಲ, ಅಷ್ಟು ಮಾತ್ರ ಹೇಳ್ತೇನೆ. ನಾಳೆ ಸಂಜೆ ಮನೆಗೆ ಬಂದಾಗ ನೀವೇ ಕೇಳಿ. ಸುಳ್ಳು ಹೇಳುವುದಿಲ್ಲ."

"ನಾಡಿದ್ದು?"

"ನಾಡಿದ್ದೂ ಕೇಳಿ."

"ದಿನಾ ಕೇಳ್ತೇನೆ," ಎಂದರು ಅತ್ತೆ. "ಬಾಯಿ ವಾಸನೆಯೂ ನೋಡ್ತೇನೆ. ಆಮೇಲೆ ಅತ್ತೆ ಹೀಗೆ, ಅತ್ತೆ ಹಾಗೆ ಅಂತ ಹೇಳಬಾರದು."

ಅವರು ಹೇಳಿದ ಹಾಗೆ ಮಾಡುವವರು. ನಾಳೆಯಿಂದ ಹೈವೇಯ ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ, ಬಾಗಿಲು ತೆರೆದು ನಿಂತ ಆ ಮುಖ ನನಗೆ ಕಾಣಲಿದೆ. "ಹೇಳುವುದಿಲ್ಲ," ಎಂದೆ.