ವಿಳಾಸ ಹೇಳಿ

ಪರದೇಶದಲ್ಲಿ ನನ್ನ ಕೆಲಸ ಇಷ್ಟೆ: ಕಾಲು ಸ್ವಾಧೀನ ತಪ್ಪಿದ ಒಬ್ಬ ಅಜ್ಜಿಯನ್ನು ಎತ್ತಿ ಕೂರಿಸುವುದು, ಮೈ ತೊಳೆಸುವುದು, ಅವರ ಕೈಲಿ ಬೈಸಿಕೊಳ್ಳುವುದು. ಮೂರನೆಯದಕ್ಕೆ ಬೇರೆ ಸಂಬಳ ಕೊಡಬೇಕು, ಕೊಡುವುದಿಲ್ಲ.

ಮಂಗಳವಾರ ಹೊಳೆ ಊರೊಳಕ್ಕೆ ನುಗ್ಗುತ್ತದೆ ಎಂದು ಇಲ್ಲಿಯವರಿಗೆ ಭಾನುವಾರವೇ ಗೊತ್ತಿತ್ತು. ಪ್ರವಾಹದ ಎಚ್ಚರಿಕೆ ಕೊಡಲು ಫೋನು ಮೂರು ಸಲ ಕಿರುಚಿಕೊಂಡಿತು. ಪುರಸಭೆಯ ಒಬ್ಬ ಹೆಂಗಸು ಮನೆಗೇ ಬಂದು ಯಾವ ಮಾತ್ರೆ, ಗಾಲಿಕುರ್ಚಿಯ ಅಗಲ ಎಷ್ಟು, ಬೆಕ್ಕು ಪರಚುತ್ತದೆಯೇ ಎಂದೆಲ್ಲ ಬರೆದುಕೊಂಡು ಹೋದಳು. ಮಂಗಳವಾರ ಬೆಳಿಗ್ಗೆ ಬಸ್ಸು ಬಾಗಿಲಿಗೇ ಬಂತು. ಆಗಿನ್ನೂ ಬೀದಿಯಲ್ಲಿ ಹೆಬ್ಬೆರಳು ನೆನೆಯುವಷ್ಟು ನೀರೂ ಇರಲಿಲ್ಲ. ಅಜ್ಜಿ ಮಾತ್ರ ದಾರಿಯುದ್ದಕ್ಕೂ ಕಾರ್ಪೆಟ್ಟಿಗಾಗಿ ಗೋಳಾಡಿದರು.

"ವಿಮೆ ಇದೆಯಲ್ಲ ಅಜ್ಜಿ, ಹೊಸದು ಬರುತ್ತೆ."

"ಆ ಬಣ್ಣ ಎಲ್ಲಿ ಸಿಗುತ್ತೆ?" ಎಂದು ನನ್ನ ಮೇಲೇ ಹರಿಹಾಯ್ದರು.

ಅದೇ ದಿನ ನನ್ನ ದೇಶದಲ್ಲೂ ಹೊಳೆ ಬಂದಿತ್ತು. ಅಲ್ಲಿ ಯಾರ ಫೋನೂ ಕಿರುಚಲಿಲ್ಲ. ಒಲೆಯ ಹತ್ತಿರಕ್ಕೆ ಚಪ್ಪಲಿ ತೇಲಿ ಬಂದಾಗಲೇ ಅಕ್ಕನಿಗೆ ಗೊತ್ತಾದದ್ದು. ಅಮ್ಮ ಸೊಂಟ ಮುರಿದುಕೊಂಡು ಎಂಟು ತಿಂಗಳಿಂದ ಅಕ್ಕನ ಮನೆಯಲ್ಲೇ ಹಾಸಿಗೆ ಹಿಡಿದಿದ್ದಳು. ಇಲ್ಲಿ ಬಸ್ಸು ನನ್ನನ್ನೂ ಅಜ್ಜಿಯನ್ನೂ ತಂದು ಬಿಟ್ಟ ಶಾಲೆಯ ಹಾಲ್‌ನಲ್ಲಿ, ಕೈಗೆ ಬಿಸಿ ಚಹಾ ಸಿಕ್ಕ ಹೊತ್ತಿಗೆ ಅಕ್ಕನ ಫೋನು ಬಂತು.

"ಮಂಚದ ಕೆಳಗೆ ಇಟ್ಟಿಗೆ ಕೊಟ್ಟಿದ್ದೆ ಕಣೇ. ಇಟ್ಟಿಗೆ ಮುಳುಗ್ತು. ದೋಣಿ ಹುಡುಕ್ಕೊಂಡು ಹೋದ ನಿಮ್ಮ ಭಾವನ ಪತ್ತೇನೇ ಇಲ್ಲ."

"ಮಹಡಿಗೆ ಹೋಗ್ರೇ!" ಇಲ್ಲಿಯ ಕರಪತ್ರದಲ್ಲಿ ಓದಿದ್ದನ್ನೇ ಒದರಿದೆ.

"ಯಾವ ಮಹಡಿಗೆ? ಇರೋದೇ ಒಂದು ಕೋಣೆ, ಮರೆತೋಯ್ತಾ?"

ನಾಲಿಗೆ ಕಚ್ಚಿಕೊಂಡೆ. ಎದುರುಮನೆಗೆ ಟೆರೇಸಿದೆ, ಹತ್ತು ಹೆಜ್ಜೆ. ಆದರೆ ಅಮ್ಮನನ್ನು ಎತ್ತಬೇಕು, ಎತ್ತುವುದೇ ನನ್ನ ಕಸುಬು.

"ಕಂಕುಳಲ್ಲಿ ಕೈ ಹಾಕು. ಸೊಂಟ ಬಗ್ಗಿಸಬೇಡ, ಮೊಣಕಾಲು ಬಗ್ಗಿಸು. ನಿನ್ನ ಎದೆಗೆ ಒರಗಿಸ್ಕೋ. ಮೂರು ಅಂದಾಗ ಏಳು."

ಒಂದು, ಎರಡು, ಮೂರು ಎಂದು ನಾನೇ ಎಣಿಸಿದೆ. ಅಮ್ಮ ಚೀರಿದ್ದು ಕೇಳಿಸಿತು.

"ಆಗ್ತಿಲ್ಲ ಕಣೇ, ನೀರಲ್ಲಿ ಕಾಲು ನಿಲ್ತಿಲ್ಲ. ನೀನಿದ್ದಿದ್ರೆ..."

ಲೈನು ಕಡಿಯಿತು. ಮತ್ತೆ ಮತ್ತೆ ಒತ್ತಿದೆ, ಹೋಗಲೇ ಇಲ್ಲ. ಪರರ ತಾಯಿಯನ್ನು ದಿನಕ್ಕೆ ಹತ್ತು ಸಲ ಎತ್ತುವ ಈ ಕೈಗಳ ಮೇಲೆ ನನಗೆ ಅಸಹ್ಯವಾಯಿತು.

ಅಷ್ಟರಲ್ಲಿ ಪಟ್ಟಿ ಹಿಡಿದ ರಕ್ಷಣಾ ಸಿಬ್ಬಂದಿಯೊಬ್ಬ ನಮ್ಮ ಮುಂದೆ ಬಂದು ನಿಂತ.

"ಮನೇಲಿ ಇನ್ನೂ ಯಾರಾದ್ರೂ ಉಳಿದಿದ್ದಾರಾ?"

ಅಜ್ಜಿ ಬೆಕ್ಕಿನ ಬುಟ್ಟಿ ತೋರಿಸಿ ಇಲ್ಲವೆಂದರು. ನಾನು ಇದ್ದಾರೆ ಎಂದೆ. ಬೇಕೆಂದೇ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

"ನನ್ನಮ್ಮ. ನಡೆಯೋಕಾಗಲ್ಲ. ಅಕ್ಕನೂ ಇದ್ದಾಳೆ. ನೀರು ಮಂಚದವರೆಗೆ ಬಂದಿದೆ."

ಆತ ಒಂದು ಕ್ಷಣವೂ ತಡಮಾಡಲಿಲ್ಲ. ವಾಕಿಟಾಕಿ ಬಾಯಿಗೆ ಹಿಡಿದು, "ಇಬ್ಬರು ಹೆಂಗಸರು, ಒಬ್ಬರಿಗೆ ಸ್ಟ್ರೆಚರ್ ಬೇಕು" ಎಂದ. ಹತ್ತೇ ನಿಮಿಷ ಎಂದಿತು ಆಚೆಯ ದನಿ. ಆತ ಪೆನ್ನು ಹಿಡಿದು ನನ್ನತ್ತ ತಿರುಗಿದ.

ಗಲ್ಲಿ ಹೇಳಿದೆ, ಬರೆದುಕೊಂಡ. ಊರು ಹೇಳಿದೆ. ದೇಶ ಹೇಳಿದೆ.

ಪೆನ್ನು ನಿಂತಿತು.

"ದೋಣಿ ರೆಡಿ ಇದೆ, ವಿಳಾಸ ಹೇಳಿ" ಎಂದು ಆಚೆಯ ದನಿ ಮತ್ತೆ ಮತ್ತೆ ಕೇಳುತ್ತಿತ್ತು. ಆತ ನನ್ನ ಮುಖ ನೋಡಲಾರದೆ ಅದರ ಸದ್ದು ತಗ್ಗಿಸಿದ.