ಓಕ್‌ಬುನ್ ಅಕ್ಕನ ಮೊಣಕಾಲಿನ ನೆಪ

ಯಾರು ಅದು, ಈ ಮುದುಕನಿಗೆ ಅರಳುಮರಳು, ಯಾವ ವರ್ಷ ಯಾವ ಬೆಟ್ಟ ಎನ್ನುವುದೇ ನೆನಪಿಲ್ಲ ಎಂದು ಫೋನಿನ ಗುಂಪಿನಲ್ಲಿ ಬರೆದವರು? ನಿನ್ನೆ ಏನು ತಿಂದೆವೆಂದು ಮರೆಯುವವರು ನೀವು, ನಾನಲ್ಲ. ಅವತ್ತು ತೋಫು ಹೋಟೆಲಿನಲ್ಲಿ ಯಾರು ಯಾವ ಮೂಲೆಗೆ ಕೂತಿದ್ದರು, ಯಾರ ಕಾಲುಚೀಲ ಹೆಬ್ಬೆರಳಿನ ಹತ್ತಿರ ತೂತಾಗಿತ್ತು, ಯಾರು ಬಟ್ಟಲು ಬೇಗ ಬೇಗ ಖಾಲಿ ಮಾಡುತ್ತಿದ್ದರು ಎಲ್ಲ ಹೇಳಬಲ್ಲೆ. ಅನುಮಾನವಿದ್ದವರು ಫೋನು ಕೆಳಗಿಟ್ಟು ಪಾತ್ರೆ ತೊಳೆಯಲಿ. ಉಳಿದವರು ಕೇಳಿ.

ಗು ದಲ್‌ಸು ಎಂದು ಒಬ್ಬನಿದ್ದ. ಕೊರಿಯಾದ ತೇಗು ಎನ್ನುವ ಊರಿನ ಬಟ್ಟೆ ಮಾರುಕಟ್ಟೆಯಲ್ಲಿ ರಜಾಯಿ ಅಂಗಡಿ. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು, ವ್ಯಾಪಾರವೂ ಹೋದಂತೆಯೇ ಇತ್ತು. ಆದರೆ ಭಾನುವಾರ ಬಂತೆಂದರೆ ಅವನೇ ರಾಜ. ಮಾರುಕಟ್ಟೆಯವರ ಬೆಟ್ಟದ ಸಂಘ ಕಟ್ಟಿದವನೇ ಅವನು. ಬೆಳಗ್ಗೆ ಬಾಡಿಗೆ ಬಸ್ಸು ಅವನ ಮನೆಯ ತಿರುವಿನಲ್ಲಿ ನಿಂತರೆ ಒಳಗಿನಿಂದ ಎಲ್ಲರೂ "ಬನ್ನಿ ಅಣ್ಣ, ಬನ್ನಿ ಅಣ್ಣ" ಎನ್ನುತ್ತಿದ್ದರು. ವಾರವಿಡೀ ಅವನನ್ನು ಅಣ್ಣ ಎನ್ನುವವರು ಬೇರೆ ಯಾರೂ ಇರಲಿಲ್ಲ.

ತಾನು ಅಧ್ಯಕ್ಷನಾಗಿದ್ದ ಕಾಲದಲ್ಲಿ ಸಂಘಕ್ಕೆ ಒಂದು ಪದ್ಧತಿ ಮಾಡಿದ್ದ. ನಮ್ಮಲ್ಲಿ ಯಾರನ್ನೂ ಎದುರಿಗೇ "ನೀನು ಬರಬೇಡ" ಎನ್ನುವುದಿಲ್ಲವಲ್ಲ. ಕಾಲು ಸೋತು ಹಿಂದೆ ಬೀಳುವವನಿಗೆ ಒಂದು ದಿನ ಭರ್ಜರಿ ಊಟ ಹಾಕಿಸಿ, ಹೆಸರು ಕೆತ್ತಿದ ಗಾಜಿನ ಫಲಕ ಕೊಟ್ಟು, ಇನ್ನು ಇವರು ನಮ್ಮ ಗೌರವ ಸಲಹೆಗಾರರು ಎಂದು ಚಪ್ಪಾಳೆ ತಟ್ಟುವುದು. ಆಮೇಲೆ ಬಸ್ಸು ಅವನ ತಿರುವಿನಲ್ಲಿ ನಿಲ್ಲುವುದಿಲ್ಲ. ಸಲಹೆಗಾರನಿಗೆ ಇರುವುದು ಒಂದೇ ಹಕ್ಕು. ಆ ಊಟದ ದಿನ ಸಂಘ ಅವನನ್ನು ಒಂದು ಮಾತು ಕೇಳುತ್ತದೆ, ಅವನು ಹೇಳಿದ್ದಕ್ಕೆ ಯಾರೂ ಎದುರಾಡುವಂತಿಲ್ಲ. ಫಲಕ ಹಿಡಿದವರೆಲ್ಲ ಇಲ್ಲಿಯವರೆಗೆ "ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡಿ" ಎಂದು ಕಣ್ಣೊರೆಸಿಕೊಂಡು ಮನೆಗೆ ಹೋಗಿದ್ದರು. ಹಾಗೆ ಎಷ್ಟು ಜನರನ್ನು ದಲ್‌ಸು ಮನೆಗೆ ಕಳಿಸಿದ್ದನೋ. ಟೋಪಿ ಹೊಲಿಯುವ ಒಬ್ಬ ಮುದುಕ ಫಲಕ ಕೊಟ್ಟ ಮುಂದಿನ ಭಾನುವಾರವೂ ಚೀಲ ಹೊತ್ತು ರಸ್ತೆಯಲ್ಲಿ ನಿಂತು ಕೈ ಬೀಸಿದ್ದ. "ನಿಲ್ಲಿಸಬೇಡಪ್ಪ, ಅಭ್ಯಾಸ ತಪ್ಪಲಿ" ಎಂದು ದಲ್‌ಸು ಡ್ರೈವರಿಗೆ ಹೇಳಿದ್ದ.

ಈಗ ದಲ್‌ಸುವಿನ ಬಲಗಾಲಿನ ಮಂಡಿಯೇ ಕೈಕೊಟ್ಟಿತ್ತು. ಹತ್ತುವಾಗ ಹೇಗೋ ಆಗುತ್ತಿತ್ತು. ಇಳಿಯುವಾಗ ಒಳಗೆ ಯಾರೋ ಮೊಳೆ ಹೊಡೆದ ಹಾಗೆ. ಮೆಟ್ರೊ ಮೆಟ್ಟಿಲನ್ನು ಹಿಮ್ಮುಖವಾಗಿ, ಕಂಬಿ ಹಿಡಿದು ಇಳಿಯುತ್ತಿದ್ದ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದ.

ಅಷ್ಟರಲ್ಲಿ ಸಂಘದ ವಿದೇಶ ಪ್ರವಾಸದ ಮಾತು ಬಂತು. ತೈವಾನ್. ಒಂದು ಭಾನುವಾರ ಬೆಟ್ಟ ಇಳಿದು ಬಂದು ಊರಿನ ತೋಫು ಹೋಟೆಲಿನಲ್ಲಿ ಎಲ್ಲರೂ ಕೂತಿದ್ದಾರೆ. ಈಗಿನ ಅಧ್ಯಕ್ಷ ಯೊಮ್ ಗಿಚಾನ್, ಪರದೆ ವ್ಯಾಪಾರಿ, ಮಕ್ಕೊಲ್ಲಿ ಎನ್ನುವ ಅಕ್ಕಿಹೆಂಡ ಬಗ್ಗಿಸುತ್ತಾ ಮಾತು ತೆಗೆದ.

"ಅಲ್ಲಿ ರಾಷ್ಟ್ರೀಯ ಉದ್ಯಾನ ಬೇಕಾದಷ್ಟಿವೆ. ನಮಗಿರೋ ದಿನಗಳಲ್ಲಿ ಎಲ್ಲ ನೋಡೋಕಾಗಲ್ಲ. ಯಾವುದು ಬೇಕು ಹೇಳಿ. ಯುಶಾನ್ ಇದೆ, ಆ ದೇಶಕ್ಕೆಲ್ಲ ಎತ್ತರದ ಬೆಟ್ಟ. ಯಾಂಗ್ಮಿಂಗ್‌ಶಾನ್ ಇದೆ, ನೆಲದಿಂದ ಹೊಗೆ ಬರುತ್ತೆ, ಬಿಸಿನೀರಿನ ಬುಗ್ಗೆ, ಬಾಗಿಲ ತನಕ ಬಸ್ಸು."

"ಯುಶಾನೇ ಆಗಲಿ. ಮೀನು ಮಾರ್ಕೆಟ್ಟಿನವರು ಹೋದ ವರ್ಷ ತುದಿಯಲ್ಲಿ ಬ್ಯಾನರ್ ಹಿಡ್ಕೊಂಡು ಫೋಟೊ ಹಾಕಿದ್ರು. ಇನ್ನೂ ಅದನ್ನೇ ಹೇಳಿ ಹೇಳಿ ಉರಿಸ್ತಾರೆ" ಎಂದಳು ಗುಮ್‌ಜಾ. ಅಕ್ಕಿ ಕಡುಬು ಮಾರುವವಳು, ಬಾಯಿ ಸಂಘಕ್ಕೆಲ್ಲ ದೊಡ್ಡದು.

ದಲ್‌ಸುವಿಗೆ ಬೇಕಿದ್ದದ್ದು ಬಿಸಿನೀರು. ಆದರೆ ಸಂಘ ಕಟ್ಟಿದವನು, ಮಂಡಿ ನೋವು ಎಂದು ಬಾಯಿ ಬಿಟ್ಟರೆ ಮುಂದಿನ ಫಲಕ ಅವನದೇ. ಸುತ್ತ ಕಣ್ಣಾಡಿಸಿದ. ಮೂಲೆಯಲ್ಲಿ ಟಕ್ ಓಕ್‌ಬುನ್ ಕೂತಿದ್ದಳು. ಗುಂಡಿ, ದಾರ ಮಾರುವವಳು, ಅವನಿಗಿಂತ ಸ್ವಲ್ಪ ದೊಡ್ಡವಳು, ಯಾವತ್ತೂ ಎಲ್ಲರಿಗಿಂತ ಹಿಂದೆ ಇಳಿಯುವವಳು.

"ನನಗೇನ್ರೋ ಯುಶಾನು, ಬೆನ್ನಿಗೆ ಅಕ್ಕಿಮೂಟೆ ಕಟ್ಟಿದ್ರೂ ಹತ್ತೇನು" ಎಂದ ದಲ್‌ಸು. "ಆದ್ರೆ ನಮ್ಮ ಓಕ್‌ಬುನ್ ಅಕ್ಕನ್ನ ನೋಡ್ರಪ್ಪ. ಇವತ್ತು ಇಳೀತಿದ್ದದ್ದು ನೋಡಿದ್ರಾ? ಬಾತುಕೋಳಿ ಕೆರೆಗೆ ಇಳಿದ ಹಾಗೆ!" ಎರಡು ಅಂಗೈಗಳನ್ನು ಮೇಜಿನ ಮೇಲೆ ಅಡ್ಡಡ್ಡ ಹೆಜ್ಜೆ ಹಾಕಿಸಿ ತೋರಿಸಿದ. ಎಲ್ಲರೂ ನಕ್ಕರು. ನಗು ಬಂದಿದ್ದರಿಂದ ಅವನಿಗೆ ಇನ್ನೂ ಹುರುಪು. "ಅಕ್ಕನ್ನ ಯುಶಾನಿಗೆ ಹತ್ತಿಸಿದ್ರೆ ಇಳಿಸೋಕೆ ಕ್ರೇನ್ ತರಿಸ್ಬೇಕು. ಪಾಪ, ವಯಸ್ಸಾದ ಹೆಂಗಸು. ಅವರಿಗೋಸ್ಕರ ನಾವೆಲ್ಲ ಸ್ವಲ್ಪ ತಗ್ಗೋಣ. ಬಿಸಿನೀರಿನ ಕಡೆಗೇ ಹೋಗೋಣ."

ಓಕ್‌ಬುನ್ ಕೂಡ ನಕ್ಕಳು. ಚಮಚ ಕೆಳಗಿಟ್ಟು ಬಾಯಿ ಒರೆಸಿಕೊಂಡಳು.

"ನನ್ನ ಮಂಡಿಗೆ ಹುಟ್ಟಿದಾಗಿಂದ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ನನ್ನ ಒಬ್ಬಳಿಂದ ಊರೆಲ್ಲ ಯಾಕೆ ತಗ್ಗಬೇಕು? ನಾನು ಬರಲ್ಲ ಬಿಡಿ. ನೀವು ಯುಶಾನಿಗೇ ಹೋಗಿ." ಆಮೇಲೆ ಅವನ ಕಡೆ ತಿರುಗಿದಳು. "ಈಗ ಅಡ್ಡಿ ಇಲ್ಲವಲ್ಲ ದಲ್‌ಸು? ಮೆಟ್ರೊ ಮೆಟ್ಟಿಲಿಳಿದ ಹಾಗೆ ಸಲೀಸಾಗಿ ಇಳಿದು ಬಾ."

ಅವಳು ನೋಡಿದ್ದಾಳೆ! ದಲ್‌ಸುವಿನ ಕಿವಿ ಕೆಂಪಾಯಿತು.

"ಛೆ ಛೆ, ಅಕ್ಕನ್ನ ಬಿಟ್ಟು ನಾವು ಹೋಗೋದಾ? ಅದೆಂಥ ಮಾತು!"

"ಹಾಗಿದ್ರೆ ಜೊತೆಗೆ ನೀವೂ ಉಳ್ಕೋತೀರಾ ಅಣ್ಣ?" ಗಿಚಾನ್ ಕಣ್ಣು ಮಿಟುಕಿಸಿದ. "ಇಬ್ಬರೇ ಊರಲ್ಲಿ... ಮಾತಾಡ್ಕೋತಾರೆ ಜನ."

ಮತ್ತೆ ನಗು. "ನಾನ್ಯಾಕೆ ಉಳೀಲಿ? ಮೊದಲು ತುದಿ ಮುಟ್ಟೋನು ನಾನೇ" ಎಂದುಬಿಟ್ಟ ದಲ್‌ಸು. ಯುಶಾನ್ ಗಟ್ಟಿಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರ ಮುಖದಲ್ಲೂ ಕಳೆ ಇರಲಿಲ್ಲ. ಅದು ದಲ್‌ಸುವಿಗೆ ಕಾಣಲಿಲ್ಲ, ತನ್ನ ಮುಖವನ್ನು ನೆಟ್ಟಗಿಟ್ಟುಕೊಳ್ಳುವುದೇ ಅವನಿಗೆ ಸಾಕಾಗಿತ್ತು.

ಹೋಗುವ ಮೊದಲು ಅಭ್ಯಾಸಕ್ಕೆಂದು ಊರ ಪಕ್ಕದ ಪಲ್ಗೊಂಗ್ ಬೆಟ್ಟ ಹತ್ತಿದರು. ದಲ್‌ಸು ಮಂಡಿಗೆ ನೋವಿನ ಪಟ್ಟಿ ಒಂದರ ಮೇಲೊಂದು ಅಂಟಿಸಿ, ಮೇಲೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಬಂದ. ಹತ್ತುವಾಗ ಕಂಡ ಕಂಡ ಹೂವಿಗೆಲ್ಲ ನಿಂತು ಫೋಟೊ ತೆಗೆದ. ಇಡೀ ಜನ್ಮದಲ್ಲಿ ಹೂವಿನ ಮುಖ ನೋಡಿದವನಲ್ಲ. ತುದಿಯಲ್ಲಿ ನಿಂತು "ಹೋ" ಎಂದು ಕೂಗಿದ. ಇಳಿಯುವ ಕಲ್ಲಿನ ಮೆಟ್ಟಿಲಲ್ಲಿ ಮಂಡಿ ಸಿಕ್ಕಿಹಾಕಿಕೊಂಡಿತು. ಮಡಚಲು ಆಗದು, ನೀಡಲು ಆಗದು. ಕೂತುಬಿಟ್ಟ.

"ನೀವು ನಡೀರಿ, ನಾನು ಸ್ವಲ್ಪ ನೋಟ ನೋಡ್ತೀನಿ."

"ಏನು ನೋಟ ಅಣ್ಣ? ಎದುರಿಗೆ ಬಂಡೆ ಇದೆ" ಎಂದಳು ಗುಮ್‌ಜಾ.

ಕೊನೆಗೆ ಚೀಲ ಹೊಲಿಯುವ ಒಬ್ಬ ದಾಂಡಿಗ ಅವನನ್ನು ಬೆನ್ನ ಮೇಲೆ ಹೊತ್ತ. ದಾರಿಯಲ್ಲಿ ಎದುರಾದವರೆಲ್ಲ ಪಕ್ಕಕ್ಕೆ ಸರಿದು "ಅಯ್ಯೋ ತಾತ" ಎನ್ನುತ್ತಿದ್ದರು. ಗಿಚಾನ್ ಎರಡು ಕೋಲು ಊರಿಕೊಂಡು ಪಕ್ಕದಲ್ಲೇ ಇಳಿಯುತ್ತಿದ್ದ. ಆಗ ದಲ್‌ಸುವಿನ ಗಮನಕ್ಕೆ ಬಂತು, ಗಿಚಾನ್ ಕೂಡ ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚುತ್ತಿದ್ದಾನೆ. ಆದರೆ ದನಿಯಲ್ಲಿ ಮಾತ್ರ ಜೇನು.

"ಬೇಜಾರು ಮಾಡ್ಕೋಬೇಡಿ ಅಣ್ಣ. ನಿಜ ಹೇಳ್ಲಾ? ಎಲ್ರಿಗೂ ಈಗ ನೆಮ್ಮದಿ. ಯುಶಾನ್ ಯಾರಪ್ಪನಿಗೆ ಬೇಕಿತ್ತು? ಗುಮ್‌ಜಾ ಮಂಡಿಯಿಂದ ಡಾಕ್ಟರು ಆಗಾಗ ನೀರು ತೆಗೀತಾರೆ. ನನ್ನ ಸೊಂಟದ ಕತೆ ನನ್ನ ಹೆಂಡ್ತಿಗೇ ಗೊತ್ತು. ನೀವಿರೋ ತನಕ ಬಾಯಿ ಬಿಡೋಕಾಗುತ್ತಾ? ನೋವು ಅಂದವರಿಗೆಲ್ಲ ಫಲಕ ಕೊಟ್ರಲ್ಲ ನೀವು. ಇನ್ನು ಆರಾಮಾಗಿ ಬಿಸಿನೀರಿನ ಕಡೆ ಹೋಗ್ತೀವಿ. ಓಕ್‌ಬುನ್ ಅಕ್ಕನ್ನೂ ಒಪ್ಪಿಸ್ತೀನಿ."

ದಲ್‌ಸು ದಾಂಡಿಗನ ಕತ್ತನ್ನು ಬಿಗಿಯಾಗಿ ಹಿಡಿದ. "ಅದು ಸಮತಟ್ಟು ದಾರಿ ತಾನೆ? ಹಾಗಿದ್ರೆ ನಾನೂ ಬರ್ತೀನಲ್ಲ. ಬಿಸಿನೀರಲ್ಲಿ ಕಾಲು ಇಟ್ರೆ ಮಂಡಿಗೂ ಒಳ್ಳೇದು. ಕರ್ಕೊಂಡು ಹೋಗು ಗಿಚಾನ್. ಬಸ್ಸಲ್ಲೇ ಕೂತಿರ್ತೀನಿ ಬೇಕಾದ್ರೆ."

ಹುಟ್ಟಿದಾಗಿನಿಂದ ಯಾರನ್ನೂ ಹಾಗೆ ಬೇಡಿದವನಲ್ಲ.

"ಸಲಹೆಗಾರರು ಬರೋ ಪದ್ಧತಿ ಇಲ್ವಲ್ಲ ಅಣ್ಣ" ಎಂದ ಗಿಚಾನ್. "ನೀವೇ ಮಾಡಿದ್ದು."

ಅದೇ ತೋಫು ಹೋಟೆಲಿನಲ್ಲಿ ದಲ್‌ಸುವಿಗೆ ಫಲಕದ ಊಟ ಇಟ್ಟರು. ಹಂದಿಮಾಂಸ, ಈರುಳ್ಳಿ ಸೊಪ್ಪಿನ ದೋಸೆ, ಬಟ್ಟಲು ತುಂಬ ಮಕ್ಕೊಲ್ಲಿ. ಗಾಜಿನ ಫಲಕ ಹೊಳೆಯುತ್ತಿತ್ತು. ಗುಮ್‌ಜಾ ಎರಡು ಹನಿ ಕಣ್ಣೀರೂ ಹಾಕಿದಳು, ಅವಳಿಗೆ ಅದು ಕಷ್ಟವಲ್ಲ. ಓಕ್‌ಬುನ್ ಗಿಚಾನನ ಪಕ್ಕದಲ್ಲಿ ಕೂತು ಮೂಲಂಗಿ ಕಡಿಯುತ್ತಿದ್ದಳು. ಬಾಟಲಿಗಳು ಖಾಲಿಯಾದವು, ಪ್ರವಾಸಕ್ಕೆ ಹೊಸ ಈಜುಡುಗೆ ಕೊಂಡವರು ಅದರ ಬಣ್ಣದ ಬಗ್ಗೆ ಮಾತಾಡಿದರು. ದಲ್‌ಸು ಎದುರಿಗೇ ಕೂತಿದ್ದರೂ ಯಾರಿಗೂ ಅಡ್ಡಿಯೆನಿಸಲಿಲ್ಲ.

ಗಿಚಾನ್ ಎದ್ದು ತಲೆಬಾಗಿ ಎರಡೂ ಕೈಯಿಂದ ಬಟ್ಟಲು ಕೊಟ್ಟ. "ಗೌರವ ಸಲಹೆಗಾರರೇ, ಸಂಘ ನಿಮ್ಮನ್ನ ಕೇಳ್ತಿದೆ. ತೈವಾನಿನಲ್ಲಿ ನಾವು ಯಾವ ಉದ್ಯಾನಕ್ಕೆ ಹೋಗೋಣ? ನಿಮ್ಮ ಮಾತೇ ಕೊನೆ ಮಾತು."

ದಲ್‌ಸು ಬಟ್ಟಲನ್ನು ಪೂರ್ತಿ ಕುಡಿದು ತಲೆಯ ಮೇಲೆ ಕವುಚಿ ತೋರಿಸಿದ. ಒಂದು ಹನಿ ಬೀಳಲಿಲ್ಲ.

"ಯುಶಾನ್" ಎಂದ.

ಗಿಚಾನ್ ಆ ಖಾಲಿ ಬಟ್ಟಲಿಗೆ ಮತ್ತೆ ಮಕ್ಕೊಲ್ಲಿ ಬಗ್ಗಿಸಿದ.

"ಹಹ್ಹ, ಅಣ್ಣ ತಮಾಷೆ..."

"ತಮಾಷೆ ಏನು ಬಂತು? ತುದಿ ತನಕ ಹತ್ತಿ. ಬ್ಯಾನರ್ ಹಿಡಿದು ಫೋಟೊ ಕಳಿಸಿ, ನಾನು ನೋಡ್ಬೇಕು. ಇಲ್ಲ, ಯಾರಿಗಾದ್ರೂ ಆಗಲ್ಲ ಅಂದ್ರೆ ಈಗಲೇ ಹೇಳಿಬಿಡ್ಲಿ. ಹೊಸ ಸಲಹೆಗಾರರು ಸಿಕ್ಕಿದ್ರೆ ನನಗೂ ಜೊತೆಯಾಗುತ್ತೆ." ಮೇಜಿನ ಈ ತುದಿಯಿಂದ ಶುರು ಮಾಡಿದ. "ಗುಮ್‌ಜಾ, ನಿನ್ನ ಮಂಡಿ ಹೇಗಿದೆಯಮ್ಮ?"

ಗುಮ್‌ಜಾ ಮಂಡಿಯ ಮೇಲಿದ್ದ ಕೈ ತೆಗೆದಳು. "ಚೆನ್ನಾಗಿದೆ."

"ನೀರುಗೀರು ಏನಿಲ್ವಲ್ಲ?"

"ಎಂಥ ನೀರು!"

"ಅಧ್ಯಕ್ಷರೇ, ನಿಮ್ಮ ಸೊಂಟ?"

"ಕಬ್ಬಿಣ ಅಣ್ಣ" ಎಂದ ಗಿಚಾನ್. ಹಣೆಯ ಬೆವರನ್ನು ಕೈ ಒರೆಸುವ ಬಟ್ಟೆಯಿಂದ ಒರೆಸಿಕೊಂಡ.

ಹೀಗೆ ಒಬ್ಬೊಬ್ಬರನ್ನೇ, ಹೆಸರು ಹಿಡಿದು, ಒಂದೊಂದು ಕೀಲನ್ನೂ ಬಿಡದೆ ವಿಚಾರಿಸಿಕೊಂಡ. ಎಲ್ಲರ ಕೀಲೂ ಚೆನ್ನಾಗಿತ್ತು. ಓಕ್‌ಬುನ್ ಸರದಿ ಬಂದಾಗ ಅವಳು ಮೂಲಂಗಿ ನುಂಗಿ "ನನ್ನದು ಹಾಳಾಗಿದೆ ಕಣಪ್ಪ. ನಾನು ಹೋಗಲ್ಲ" ಎಂದು ಇನ್ನೊಂದು ತುಂಡು ತೆಗೆದುಕೊಂಡಳು. ಅವತ್ತು ಹೊಟ್ಟೆ ತುಂಬ ಉಂಡವರು ಅವಳು ಮತ್ತು ದಲ್‌ಸು ಇಬ್ಬರೇ.

ಯುಶಾನ್ ಹತ್ತಲು ಅನುಮತಿ ಸುಲಭಕ್ಕೆ ಸಿಗುವುದಿಲ್ಲ ಎಂದು ಕೇಳಿ, ಸಿಗದೇ ಇರಲಿ ಎಂದು ಎಲ್ಲರೂ ಒಳಗೊಳಗೇ ಹರಕೆ ಹೊತ್ತರು. ಗುಮ್‌ಜಾ ಬೆಟ್ಟದ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ ಬಂದಳು. ಅನುಮತಿ ಮೊದಲ ಸಲವೇ ಸಿಕ್ಕಿಬಿಟ್ಟಿತು.

ಹೋದರು. ಗುಮ್‌ಜಾ ಅರ್ಧ ದಾರಿಯ ವಸತಿಯಲ್ಲೇ ವಾಂತಿ ಮಾಡಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು. ಗಿಚಾನ್ ತುದಿ ಮುಟ್ಟಿದ. ಬ್ಯಾನರ್ ಹಿಡಿದ ಫೋಟೊ ಬಂತು, ಮುಖ ಸುಣ್ಣದ ಬಣ್ಣ. ಇಳಿಯುವಾಗ ಸರಪಳಿ ಹಿಡಿದು ಕಾಲಿಡುವ ಜಾಗದಲ್ಲಿ ಸೊಂಟ ಹಿಡಿದುಕೊಂಡು ಬಿದ್ದ. ಅಲ್ಲಿಯವರು ಸ್ಟ್ರೆಚರಿನಲ್ಲಿ ಹೊತ್ತು ತಂದರು. ಇವತ್ತಿಗೂ ಅವನು ಪರದೆ ಅಳೆಯುವುದು ಕುರ್ಚಿಯಲ್ಲಿ ಕೂತು. ದಲ್‌ಸು ಸುದ್ದಿ ಕೇಳಿ ರಜಾಯಿಗಳ ಮಧ್ಯೆ ಕೂತು ಕೆಮ್ಮು ಬರುವಷ್ಟು ನಕ್ಕ. ಗುಂಪಿನಲ್ಲಿ "ಬೇಗ ಗುಣವಾಗಲಿ" ಎಂದು ಹೂವಿನ ಚಿತ್ರ ಹಾಕಿದ.

ಇನ್ನು ಬುದ್ಧಿ ಬಂದಿರುತ್ತದೆ ಎಂದು ಲೆಕ್ಕ ಹಾಕಿದ ಅವನು. ಅಧ್ಯಕ್ಷನಿಲ್ಲದ ಸಂಘ, ಹಳಬನನ್ನು ಕರೆಯಲೇಬೇಕು. ಭಾನುವಾರ ಬೆಳಗ್ಗೆ ಬೆಟ್ಟದ ಬಟ್ಟೆ ತೊಟ್ಟು, ಟೋಪಿ ಹಾಕಿ, ಚೀಲಕ್ಕೆ ಸೌತೆಕಾಯಿ ತುಂಬಿಕೊಂಡು ತಿರುವಿಗೆ ಬಂದು ನಿಂತ. ಮುಂದಿನ ಭಾನುವಾರ ಮತ್ತೆ ನಿಂತ. ಅದರ ಮುಂದಿನ ಭಾನುವಾರ ಎದುರಿನಿಂದ ಓಕ್‌ಬುನ್ ಬಂದಳು, ಕೈಯಲ್ಲಿ ಸ್ನಾನದ ಬುಟ್ಟಿ, ಟವೆಲ್ಲು.

"ಬಸ್ಸಿಗೆ ಕಾಯ್ತಿದ್ದೀಯಾ? ಆ ಸಂಘ ಮುಚ್ಚಿಹೋಯ್ತಲ್ಲೋ."

"ಮುಚ್ತಾ? ನನಗೆ ಹೇಳ್ಲೇ ಇಲ್ಲ!"

"ಹೊಸದು ಮಾಡಿದ್ದಾರೆ. ಬಿಸಿನೀರಿನ ಸಂಘ. ಮಂಡಿ ಹೋದವರು, ಸೊಂಟ ಹೋದವರು, ನೀನು ಫಲಕ ಕೊಟ್ಟು ಕಳಿಸಿದ್ಯಲ್ಲ, ಆ ಹಳಬರು ಕೂಡ ಎಲ್ಲ ಇದ್ದಾರೆ. ಟೋಪಿ ಹೊಲಿಯೋ ಮುದುಕನೇ ಲೆಕ್ಕ ನೋಡ್ಕೋತಾನೆ. ನಾನು ಅಧ್ಯಕ್ಷೆ."

ದಲ್‌ಸುವಿನ ಮುಖದಲ್ಲಿ ಏನೋ ಆಸೆ ಮೂಡಿತು. ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದ. "ಅಕ್ಕ, ನನ್ನ ಮಂಡಿ ಕೂಡ..." ಎಂದ. ಕೊನೆಗೂ ಬಾಯಿ ಬಿಟ್ಟ ಮನುಷ್ಯ. "ತುಂಬ ನೋವು ಅಕ್ಕ. ಇಳಿಯೋಕೇ ಆಗಲ್ಲ."

"ನನಗೆ ಗೊತ್ತಿಲ್ವೇನೋ" ಎಂದಳು ಓಕ್‌ಬುನ್ ಮೆಲ್ಲಗೆ. ಅವನ ಕಾಲರ್ ಮಡಚಿಕೊಂಡಿತ್ತು, ಸರಿ ಮಾಡಿದಳು. "ಅದಕ್ಕೇ ನಿನ್ನ ಕರೀಲಿಲ್ಲ. ಬಿಸಿನೀರಿನ ಮನೇಲಿ ನೆಲ ಜಾರುತ್ತೆ. ಪಾಪ, ವಯಸ್ಸಾದವನು. ನಿನಗೋಸ್ಕರ ನಾವೆಲ್ಲ ಯಾಕೆ ತಗ್ಗಬೇಕು ಹೇಳು?"

ಬಾತುಕೋಳಿಯ ಹಾಗೆಯೇ ಅಡ್ಡಡ್ಡ ಹೆಜ್ಜೆ ಹಾಕಿಕೊಂಡು ರಸ್ತೆ ದಾಟಿದಳು. ದಲ್‌ಸು ಅಲ್ಲೇ ನಿಂತ. ಮನೆಗೆ ಹೋಗಬೇಕೆಂದರೆ ಇಳಿಜಾರು ಇತ್ತು.

ಇಷ್ಟೇ. ಈಗ ಇದನ್ನು ನಿಮ್ಮಲ್ಲೇ ಇಟ್ಟುಕೊಂಡು ಕೂರಬೇಡಿ, ಪ್ರವಾಸಕ್ಕೆ ಜಾಗ ಹುಡುಕುತ್ತಿರುವ ಎಲ್ಲ ಗುಂಪಿಗೂ ಕಳಿಸಿ. ಗಿಚಾನನಿಗೆ ಮಾತ್ರ ಬೇಡ, ನಕ್ಕರೆ ಅವನಿಗೆ ಸೊಂಟ ನೋಯುತ್ತದೆ.