ಎತ್ತಿ ಕುಡಿಯುವ ಕ್ಯಾಬರ್ನೆ

ಸೇಲಂನಲ್ಲಿ ಬಿಳಿ ರೇಷ್ಮೆ ಪಂಚೆಯ ಅಂಗಡಿ ಇಟ್ಟಿದ್ದ ರಾಜಗೋಪಾಲನಿಗೆ ಎಲ್ಲವೂ ಇತ್ತು, ಏರ್ಕಾಡಿನ ವೈನ್ ಕ್ಲಬ್ಬಿನ ಮೆಂಬರ್‌ಗಿರಿ ಒಂದು ಬಿಟ್ಟು. ಅವನಪ್ಪ ಮಗ್ಗದ ಗುಳಿಯಲ್ಲಿ ಕಾಲಿಳಿಬಿಟ್ಟು ನೇಯ್ದವನು. ಆ ಗುಳಿಯಿಂದ ಮಗ ಎಷ್ಟು ಮೇಲೆ ಬಂದಿದ್ದಾನೆಂದು ಊರಿಗೆ ತೋರಿಸಲು ಬೆಟ್ಟದ ಮೇಲಿನ ಕ್ಲಬ್ಬೇ ಆಗಬೇಕಿತ್ತು. ಅಲ್ಲಿ ಕಾಫಿ ಎಸ್ಟೇಟಿನವರೂ ಸಬ್ಬಕ್ಕಿ ಫ್ಯಾಕ್ಟರಿಯವರೂ ಶನಿವಾರ ಸೇರಿ, ತಮಗಿಂತ ನಾಗರಿಕರಿಲ್ಲ ಎಂದು ಒಬ್ಬರಿಗೊಬ್ಬರು ಸರ್ಟಿಫಿಕೇಟ್ ಕೊಟ್ಟುಕೊಳ್ಳುತ್ತಿದ್ದರು.

ಸೇರಬೇಕಾದರೆ ಎಲ್ಲರೆದುರು ಕೆಂಪು ವೈನಿನ ರುಚಿ ನೋಡಿ ಯಾವ ದ್ರಾಕ್ಷಿಯದೆಂದು ಹೇಳಬೇಕು. ಚೌಡೇಶ್ವರಿಯ ಪಟವಿರುವ ಮನೆಗೆ ಬಾಟಲಿ ತಂದರೆ ಹೆಂಡತಿ ಚೆಲ್ಲಮ್ಮ ಬಾಟಲಿಯ ಜೊತೆ ಗಂಡನನ್ನೂ ಹೊರಗೆ ಹಾಕುವವಳು. ಹಾಗಾಗಿ ಒಂದು ಹನಿಯೂ ಕುಡಿಯದೆ ಅವನು ಫೋನಿನ ವಿಡಿಯೋ ನೋಡಿಯೇ ಪಂಡಿತನಾದ. ಪಿನೋ ನುವಾರ್ ತೆಳು ಬಣ್ಣದ್ದು, ಹಗುರ. ಮರ್ಲೋ ಮೆತ್ತಗೆ, ಗಂಟಲಿನೊಡನೆ ಜಗಳವಿಲ್ಲ. ಶಿರಾಜ್ ಕಡುಗಪ್ಪು, ಮೆಣಸಿನ ಘಾಟು. ಕ್ಯಾಬರ್ನೆ ಓಕ್ ಪೀಪಾಯಿಯಲ್ಲಿ ಕೂತೆದ್ದು ಬಂದ ಜಮೀನ್ದಾರ, ಎಳೆಯದಾದರೆ ನೇರಳೆ ತಿಂದ ಹಾಗೆ ನಾಲಿಗೆ ಒಗರು. ಬ್ಲ್ಯಾಕ್‌ಕರೆಂಟ್ ಹಣ್ಣಿನ ವಾಸನೆಯೂ ಇರುತ್ತದಂತೆ. ಆ ಹಣ್ಣನ್ನು ಅವನು ಕಂಡಿರಲಿಲ್ಲ, ಕ್ಲಬ್ಬಿನವರೂ ಕಂಡಿರಲಿಲ್ಲ, ಆದ್ದರಿಂದ ಭಯವಿರಲಿಲ್ಲ.

ಪರೀಕ್ಷೆಯ ದಿನ ಅಧ್ಯಕ್ಷ ಪಳನಿಯಪ್ಪನ್ ಗ್ಲಾಸು ಕೈಗಿತ್ತ. ಮೊದಲು ಮೂಗು ತೂರಿಸಬೇಕು, ಆಮೇಲೆ ತುಟಿಗಿಟ್ಟು ಒಂದು ಗುಟುಕು ಹೀರಬೇಕು. ಎಲ್ಲ ಬಾಯಿಪಾಠವಾಗಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಲೋಟ ಎಂಜಲು ಮಾಡದೆ ಬೆಳೆದ ಕೈ ಗ್ಲಾಸನ್ನು ತಲೆಗಿಂತ ಮೇಲೆತ್ತಿತು, ಕತ್ತು ಹಿಂದೆ ಬಾಗಿತು, ವೈನು ಧಾರೆಯಾಗಿ ಗಟಗಟನೆ ಒಳಗಿಳಿಯಿತು.

ಅಲ್ಲಿದ್ದ ಪ್ರತಿಯೊಬ್ಬನೂ ಮನೆಯಲ್ಲಿ ಚೊಂಬನ್ನು ಹಾಗೇ ಎತ್ತಿ ಕುಡಿದು ಬೆಳೆದವನು. ಆದರೆ ಮೊದಲು ಬಾಯಿಬಿಟ್ಟವನು ಹಳ್ಳಿಗಮಾರನಾಗುತ್ತಾನಲ್ಲ.

ಇದೇನು ಸ್ಟೈಲ್ ಎಂದು ಪಳನಿಯಪ್ಪನ್ ತಮಿಳಿನಲ್ಲಿ ಕೇಳಿದ. ರಾಜಗೋಪಾಲ್ ಬೆವೆತುಹೋದ. ಬೆವರೇ ಬುದ್ಧಿ ಕೊಟ್ಟಿತು. ಫ್ರಾನ್ಸಿನಲ್ಲಿ ಬಲ್ಲವರು ಹೀಗೇ ಕುಡಿಯುವುದು, ಎಳೆಯ ಕ್ಯಾಬರ್ನೆಗೆ ಗಾಳಿ ಬೇಕು, ಎತ್ತರದಿಂದ ಬಿದ್ದರೆ ಒಗರು ಇಳಿಯುತ್ತದೆ ಎಂದ. ಮರೆಯಲ್ಲಿಟ್ಟಿದ್ದ ಬಾಟಲಿಯ ಮೇಲೆ ಮರ್ಲೋ ಎಂದಿತ್ತು. ಅಷ್ಟು ದೊಡ್ಡ ವಿದ್ಯೆಯೆದುರು ಬಾಟಲಿಯ ಮಾತು ಯಾರು ಕೇಳುತ್ತಾರೆ? ದೊಡ್ಡ ಮನುಷ್ಯರೆಲ್ಲ ಎದ್ದು ನಿಂತು ಆಕಾಶಕ್ಕೆ ಬಾಯಿ ತೆರೆದರು. ಅರ್ಧ ಜನಕ್ಕೆ ಅಭ್ಯಾಸ ತಪ್ಪಿ ಅಂಗಿಯೆಲ್ಲ ಕೆಂಪಾಯಿತು. ರಾಜಗೋಪಾಲ್ ಮೆಂಬರಾದ.

ಮುಂದಿನ ತಿಂಗಳು ಚೆಲ್ಲಮ್ಮನ ತಮ್ಮ ನಾರಪ್ಪ ಅರ್ಜಿ ಹಾಕಿದ. ಹರೂರಿನಲ್ಲಿ ಗೊಬ್ಬರದ ಅಂಗಡಿಯವನು. ಬಾವನಿಗೆ ಸಿಕ್ಕಿದ್ದು ತನಗೂ ಸಿಕ್ಕೀತು ಎಂಬ ಆಸೆ. ಘಾಟಿಯ ಬಸ್ಸಿನಲ್ಲಿ ಬಂದಿಳಿದವನಿಗೆ ದಾಹವಾಗಿತ್ತು. ವೈನಿಗೆ ಮೊದಲು ಒಂದು ಲೋಟ ನೀರು ಕೇಳಿ, ಎತ್ತಿ ಕುಡಿದ.

ಪಳನಿಯಪ್ಪನ್ ಮುಖ ಸಿಂಡರಿಸಿದ. "ಪಟ್ಟಿಕ್ಕಾಡು," ಎಂದ, ಶುದ್ಧ ಹಳ್ಳಿಗುಗ್ಗು ಎನ್ನುವ ಹಾಗೆ. ಬೇಡವೆನ್ನುವವರು ಕೈ ಎತ್ತಿ ಎಂದ.

ನಾರಪ್ಪ ತಮ್ಮ ಮನೆಮಾತು ಕನ್ನಡದಲ್ಲಿ ಬಾವನನ್ನು ಕೇಳಿದ. "ಬಾವ, ನೀನೂ ಇಂಗೇ ಅಲ್ವಾ ಕುಡಿಯಾದು? ಇವ್ರಿಗೆ ಒಸಿ ಯೋಳು."

ಕನ್ನಡ ತಿಳಿಯದ ಪಳನಿಯಪ್ಪನ್, ಅವನೇನು ಹೇಳುತ್ತಿದ್ದಾನೆಂದು ರಾಜಗೋಪಾಲನನ್ನು ಕೇಳಿದ.

"ಇನ್ನೊಂದು ಲೋಟ ನೀರು ಬೇಕಂತೆ," ಎಂದು ರಾಜಗೋಪಾಲ್ ತಮಿಳಿನಲ್ಲಿ ಹೇಳಿ, ಎಲ್ಲರಿಗಿಂತ ಮೊದಲು ಕೈ ಎತ್ತಿದ.

ನಾರಪ್ಪನಿಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಅವನು ಖಾಲಿ ಲೋಟವನ್ನು ಮೇಜಿನ ಮೇಲಿಟ್ಟ.

"ಬ್ಯಾಡ ಬಾವ," ಎಂದ. "ದಾಹ ತೀರ್ತು."